ಮನೆಯಲ್ಲಿ ಮಕ್ಕಳ ಅಂಗಸಾಧನೆ

ಹೆಣ್ಣುಮಗಳಿಗೆ ಮನೆಗೆಲಸವೇ ತಕ್ಕ ವ್ಯಾಯಾಮವೆಂದು ನಮ್ಮ ಹೊಳಲಿನ ಹಿರಿಯರು ಹೇಳುವುದುಂಟು. ಆದರೆ ಕೊಡ ಹೊರುವಾಗ ಒಂದೇ ಸೊಂಟಕ್ಕೆ ಭಾರ ಬೀಳುವುದು. ನೆಲದ ಮೇಲೆ ಬಗ್ಗಿ ಓದುವಾಗ ಬೆನ್ನು ಕುಗ್ಗುವುದು. ಈ ಕೊರತೆಯನ್ನು ಆಸನಗಳು ತುಂಬಬಲ್ಲವು.

ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯು ತೆರೆಯಲ್ಪಟ್ಟಿತು. ಅಲ್ಲಿ ಬಾಲಕರಿಗೆ ಆಸನಗಳನ್ನು ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲಿಯೇ ಪ್ರಕಟಿಸಿದರು. ಇದು ಗಂಡುಮಕ್ಕಳ ವಿದ್ಯೆಯೆಂದು ಭಾವಿಸಬೇಡಿರಿ. 1938ರ ಮೂಕ ಚಲಚ್ಚಿತ್ರವೊಂದರಲ್ಲಿ ಅವರ ಪತ್ನಿಯೂ ಪುತ್ರಿಯರೂ ಆಸನ ಹಾಕುವುದನ್ನು ಇಂದಿಗೂ ನೋಡಬಹುದು.

ಇದು ಪರಧರ್ಮದ ಆಚರಣೆಯಲ್ಲವೇ ಎಂದು ಸಭೆಯ ಕೆಲವು ಹೆತ್ತವರು ಶಂಕಿಸುವರು. ನೆಟ್ಟಗೆ ನಿಂತು ಉಸಿರಾಡುವುದರಲ್ಲಿ ಉಪಾಸನೆಯೇನೂ ಇಲ್ಲವೆಂದು ನನ್ನ ಅಭಿಪ್ರಾಯ. ಮನಸ್ಸೊಪ್ಪದವರು ಹೆಸರನ್ನು ಬಿಟ್ಟು ಸಾಧನೆಯನ್ನು ಇಟ್ಟುಕೊಳ್ಳಲಿ.

ವೃಕ್ಷಾಸನದಿಂದ ತೊಡಗಿರಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಗೋಡೆಯ ಪಕ್ಕದಲ್ಲಿ, ಮಗುವು ಬರಿಗಾಲಿನಲ್ಲಿ ನಿಲ್ಲಲಿ. ಒಂದು ಪಾದವನ್ನೆತ್ತಿ ಮತ್ತೊಂದು ತೊಡೆಯ ಒಳಬದಿಗೆ ಊರಲಿ. ಆಗದಿದ್ದರೆ ಮೀನಖಂಡಕ್ಕಾದರೂ ಸರಿಯೇ, ಮಂಡಿಯ ಮೇಲೆ ಮಾತ್ರ ಒತ್ತಕೂಡದು. ಎದುರಿನ ಒಂದು ಗುರುತನ್ನು ನೋಡುತ್ತ ಐದು ಉಸಿರು ಎಣಿಸಿ ಕಾಲು ಬದಲಾಯಿಸಲಿ. ಕಣ್ಣು ಅಲೆದೊಡನೆ ಮೈ ಓಲಾಡುವುದು. ಇದನ್ನು ಮಗುವು ತಾನೇ ಕಂಡುಕೊಳ್ಳುವುದು ನಮ್ಮ ನೂರು ಗದರಿಕೆಗಳಿಗಿಂತ ಮೇಲು. ತಾಯಿಯೂ ಜೊತೆಗೆ ನಿಂತು ಓಲಾಡಿದರೆ ಮಗುವಿಗೆ ಇನ್ನಷ್ಟು ಹುರುಪು!

ಕುಗ್ಗಿದ ಬೆನ್ನಿಗೆ ಭುಜಂಗಾಸನವು ಹಿತಕರ. ಬೋರಲು ಮಲಗಿ, ಅಂಗೈಗಳನ್ನು ಎದೆಯ ಪಕ್ಕದಲ್ಲಿಟ್ಟು, ತಲೆಯನ್ನೂ ಎದೆಯನ್ನೂ ಮೆಲ್ಲನೆ ಎತ್ತಲಿ. ನೋವೆಂದರೆ ಅಲ್ಲಿಗೇ ನಿಲ್ಲಿಸಿರಿ. ಶೀರ್ಷಾಸನವನ್ನು ಮಾತ್ರ ಮನೆಯಲ್ಲಿ ಕಲಿಸಹೋಗಬೇಡಿರಿ. ಎಳೆಯ ಕುತ್ತಿಗೆಯು ಆ ಭಾರಕ್ಕೆ ತಕ್ಕದ್ದಲ್ಲ.