ಚುಕ್ಕಿ, ಎಳೆ ಮತ್ತು ಮಹತ್ತಮ ಸಾಮಾನ್ಯ ಅಪವರ್ತನ

ಎರಡು ಪೂರ್ಣಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳಲ್ಲಿ ಅತ್ಯಂತ ದೊಡ್ಡದನ್ನು ಮಹತ್ತಮ ಸಾಮಾನ್ಯ ಅಪವರ್ತನವೆಂದು ಕರೆಯುವುದು ರೂಢಿ. ಶಾಲೆಯ ಪಾಠಗಳಲ್ಲಿ ಇದು ಮ.ಸಾ.ಅ. ಎಂದು ಸಂಕ್ಷೇಪಗೊಂಡು, ಅರ್ಥಕ್ಕಿಂತ ಹೆಚ್ಚಾಗಿ ಅಭ್ಯಾಸಬಲದಿಂದಲೇ ನೆನಪಿನಲ್ಲಿ ಉಳಿದಿರುತ್ತದೆ. 12ರ ಅಪವರ್ತನಗಳು 1, 2, 3, 4, 6, 12. 18ರ ಅಪವರ್ತನಗಳು 1, 2, 3, 6, 9, 18. ಎರಡರಲ್ಲೂ ಕಾಣಸಿಗುವ ಅತಿ ದೊಡ್ಡ ಸಂಖ್ಯೆ 6.

ಸಣ್ಣ ಸಂಖ್ಯೆಗಳಿಗೆ ಈ ಪಟ್ಟಿ ಮಾಡುವ ಕ್ರಮ ಸಾಕು. ದೊಡ್ಡ ಸಂಖ್ಯೆಗಳಿಗೆ ಕ್ರಿ.ಪೂ. 300ರ ಸುಮಾರಿನ ಯೂಕ್ಲಿಡ್ ತನ್ನ ಗ್ರಂಥದ ಏಳನೆಯ ಭಾಗದ ಆರಂಭದಲ್ಲಿಯೇ ಹೇಳಿದ ಮಾರ್ಗವುಂಟು: ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತ ಹೋಗುವುದು. ಕಳೆಯುವುದಕ್ಕೆ ಬದಲಾಗಿ ಭಾಗಿಸಿದರೆ ಕೆಲಸ ಬೇಗ ಮುಗಿಯುತ್ತದೆ. 252ನ್ನು 105ರಿಂದ ಭಾಗಿಸಿದರೆ ಶೇಷ 42. 105ನ್ನು 42ರಿಂದ ಭಾಗಿಸಿದರೆ ಶೇಷ 21. 42ನ್ನು 21 ನಿಶ್ಶೇಷವಾಗಿ ಭಾಗಿಸುತ್ತದೆ. ಆದುದರಿಂದ ಉತ್ತರ 21. ಎರಡು ಸಂಖ್ಯೆಗಳನ್ನು ಭಾಗಿಸುವ ಯಾವುದೇ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು ಎಂಬುದೇ ಇದರ ಆಧಾರ. ಇಂಥ ಪರಸ್ಪರ ಭಾಗಾಕಾರವೇ ಕ್ರಿ.ಶ. 499ರ ಆರ್ಯಭಟೀಯದ ಕುಟ್ಟಕ ವಿಧಾನದ ತಿರುಳು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿಯೂ ಕುಟ್ಟಕದ ವಿಸ್ತಾರವಾದ ಚರ್ಚೆಯಿದೆ.

ಗ್ರಂಥಸ್ಥ ಪರಂಪರೆಯ ಈ ಕಥೆ ಗಣಿತದ ಇತಿಹಾಸಕಾರರಿಗೆ ಪರಿಚಿತವಾದುದೇ. ಆದರೆ ಇದೇ ಸಂಖ್ಯೆ ಸಾರಿಸಿದ ಅಂಗಳದಲ್ಲಿಯೂ ಕಾಣಿಸಿಕೊಳ್ಳುತ್ತದೆ ಎಂಬುದು ಜಾನಪದ ಅಧ್ಯಯನದಲ್ಲಿ ಸಾಕಷ್ಟು ಗಮನಕ್ಕೆ ಬಂದಿಲ್ಲ. ಚುಕ್ಕಿ ರಂಗೋಲಿಯಲ್ಲಿ ಎರಡು ಬಗೆಗಳುಂಟು: ಚುಕ್ಕಿಗಳನ್ನು ಗೆರೆಯಿಂದ ಕೂಡಿಸುವುದು ಒಂದು, ಚುಕ್ಕಿಗಳನ್ನು ಮುಟ್ಟದೆ ಅವುಗಳ ಸುತ್ತ ಎಳೆಯನ್ನು ಬಳಸಿ ತರುವುದು ಇನ್ನೊಂದು. ಇಲ್ಲಿ ಪ್ರಸ್ತುತವಾದುದು ಎರಡನೆಯದು. ಚುಕ್ಕಿಗಳನ್ನು ಆಯತಾಕಾರದ ನೇರ ಸಾಲುಗಳಲ್ಲಿ ಇಟ್ಟು, ಎಳೆಯನ್ನು ಚುಕ್ಕಿಗಳ ನಡುವೆ ಓರೆಯಾಗಿ ಒಯ್ದು, ಅಂಚಿಗೆ ಬಂದಾಗ ಮಾತ್ರ ತಿರುಗಿಸುತ್ತ ಹೋದರೆ ಅದು ಹೊರಟಲ್ಲಿಗೇ ಬಂದು ಸೇರುತ್ತದೆ. 2 ಸಾಲು, ಸಾಲಿಗೆ 3 ಚುಕ್ಕಿ ಇದ್ದರೆ ಒಂದೇ ಎಳೆಯಲ್ಲಿ ಎಲ್ಲ ಚುಕ್ಕಿಗಳೂ ಸುತ್ತುವರಿಯಲ್ಪಡುತ್ತವೆ. 4 ಸಾಲು, ಸಾಲಿಗೆ 6 ಚುಕ್ಕಿ ಇದ್ದರೆ ಒಂದು ಎಳೆ ಸಾಲದು, ಎರಡು ಬೇಕು. 3 ಸಾಲು, ಸಾಲಿಗೆ 6 ಚುಕ್ಕಿಗೆ ಮೂರು. ಎಳೆಗಳ ಸಂಖ್ಯೆ ಪ್ರತಿ ಸಲವೂ ಸಾಲು ಮತ್ತು ಚುಕ್ಕಿಗಳ ಮ.ಸಾ.ಅ. ಆಗಿರುತ್ತದೆ.

ಇದು ಆಕಸ್ಮಿಕವಲ್ಲ. 4 ಸಾಲು, 6 ಚುಕ್ಕಿಯ ಆಯತದಲ್ಲಿ ಎಡಬದಿಯ 4 ಸಾಲು, 4 ಚುಕ್ಕಿಗಳ ಚೌಕವನ್ನು ಮಾತ್ರ ನೋಡಬೇಕು. ಬಲಗಡೆಯಿಂದ ಈ ಚೌಕವನ್ನು ಹೊಕ್ಕ ಎಳೆ ಮೇಲಂಚು, ಎಡಂಚು, ಕೆಳಂಚುಗಳನ್ನು ಮುಟ್ಟಿ, ತಾನು ಹೊಕ್ಕ ಬಿಂದುವಿನಿಂದಲೇ ಹೊರಬರುತ್ತದೆ. ಅಲ್ಲೊಂದು ಗೋಡೆ ಇದ್ದು ಅದಕ್ಕೆ ತಾಗಿ ಮರಳಿದ್ದರೆ ಯಾವ ದಿಕ್ಕಿಗೆ ಹೋಗುತ್ತಿತ್ತೋ ಅದೇ ದಿಕ್ಕಿಗೆ ಸಾಗುತ್ತದೆ. ಕೆಳಮುಖವಾಗಿ ಹೊಕ್ಕರೂ ಅಷ್ಟೇ, ಅಂಚುಗಳ ಕ್ರಮ ಮಾತ್ರ ತಿರುವುಮುರುವು. ಹಾಗಾಗಿ ಚೌಕವನ್ನು ಅಳಿಸಿಹಾಕಿದರೂ ಎಳೆಗಳ ಸಂಖ್ಯೆ ಬದಲಾಗದು. ಉಳಿಯುವುದು 4 ಸಾಲು, 2 ಚುಕ್ಕಿ. ಅದರಿಂದ 2 ಸಾಲು, 2 ಚುಕ್ಕಿಯ ಚೌಕವನ್ನು ತೆಗೆದರೆ ಅಂಥದೇ ಇನ್ನೊಂದು ಚೌಕ ಉಳಿಯುತ್ತದೆ. ಚೌಕದಲ್ಲಿ ಬದಿಗೆ ಎಷ್ಟು ಚುಕ್ಕಿಗಳೋ ಅಷ್ಟೇ ಎಳೆಗಳು, ಇಲ್ಲಿ ಎರಡು. 6ರಿಂದ 4 ಕಳೆದು 2, 4ರಿಂದ 2 ಕಳೆದು 2 ಎಂಬ ಯೂಕ್ಲಿಡನ ವ್ಯವಕಲನವೇ ಇದು, ಬರೆದಿರುವುದು ಮಾತ್ರ ರಂಗೋಲಿ ಪುಡಿಯಲ್ಲಿ.

ಅಂಗೋಲಾ ದೇಶದ ಚೋಕ್ವೆ ಜನರು ಮರಳಿನ ಮೇಲೆ ಬಿಡಿಸುವ ಸೋನಾ ಚಿತ್ರಗಳಲ್ಲಿ ಈ ನಿಯಮವನ್ನು ವಿವರಿಸಿದವರು ಮೊಜಾಂಬಿಕ್‌ನಲ್ಲಿ ನೆಲೆಸಿದ್ದ ಗಣಿತಜ್ಞ ಪೌಲಸ್ ಗೆರ್ಡೆಸ್ (1952–2014). ಸೋನಾ ಗಂಡಸರ ಕಲೆ, ಕಥೆ ಹೇಳುತ್ತ ಬಿಡಿಸುವಂಥದು, ರಂಗೋಲಿ ಹೆಂಗಸರದು. ತಮಿಳು ಕೋಲಂ ಕುರಿತು 1970ರ ದಶಕದಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಸಹಸಂಶೋಧಕರು ನಡೆಸಿದ ಅಧ್ಯಯನ ಬೇರೆ ದಿಕ್ಕಿನದು. ಅದು ವಿನ್ಯಾಸಗಳ ವ್ಯಾಕರಣವನ್ನು ಶೋಧಿಸಿತು.

ಇಷ್ಟರಿಂದ ಅಂಗಳದಲ್ಲಿ ಕುಳಿತ ಹೆಣ್ಣುಮಗಳು ಯೂಕ್ಲಿಡನ ಸೂತ್ರವನ್ನು ಬಲ್ಲಳು ಎಂದು ಸಾರುವುದು ಅತ್ಯುತ್ಸಾಹವಾದೀತು. ಜಾನಪದ ಬರವಣಿಗೆಯಲ್ಲಿ ಅಂಥ ಉತ್ಸಾಹಕ್ಕೆ ಕೊರತೆಯಿಲ್ಲ. ಈ ನಿಯಮ ಅನ್ವಯಿಸುವುದು ಒಳತಿರುವುಗಳಿಲ್ಲದ ಪೂರ್ಣ ಆಯತಗಳಿಗೆ ಮಾತ್ರ. ಒಂದರಿಂದ ಏರಿ ಮತ್ತೆ ಒಂದಕ್ಕೆ ಇಳಿಯುವ ಚುಕ್ಕಿಸಾಲುಗಳ ಲೆಕ್ಕವೇ ಬೇರೆ. ಆದರೆ ರಂಗೋಲಿಯನ್ನು ಬರಿಯ ಅಲಂಕಾರವೆಂದು ಬದಿಗಿರಿಸುವುದೂ ಸರಿಯಲ್ಲ. ಎರಡು ಬೇರೆ ಎಳೆಗಳು ಒಂದನ್ನೊಂದು ದಾಟುವಲ್ಲಿ ದಾಟಿಸದೆ ಎರಡನ್ನೂ ತಿರುಗಿಸಿಬಿಟ್ಟರೆ ಅವು ಒಂದೇ ಎಳೆಯಾಗುತ್ತವೆ. 4 ಸಾಲು, 6 ಚುಕ್ಕಿಯ ರಂಗೋಲಿಯನ್ನು ಒಂದೇ ಎಳೆಯಲ್ಲಿ ಮುಗಿಸಲು ಇಂಥ ಒಂದು ತಿರುವು ಸಾಕು. 6 ಸಾಲು, 6 ಚುಕ್ಕಿಗೆ ಐದು ಬೇಕು. ಎಲ್ಲಿ ತಿರುಗಿಸಬೇಕೆಂಬ ತಿಳಿವಳಿಕೆ ಕೈಯಲ್ಲಿರುತ್ತದೆ, ಮಾತಿನಲ್ಲಿರುವುದಿಲ್ಲ.

ಸಂಗ್ರಹಕಾರ್ಯದ ತೊಡಕು ಇಲ್ಲಿಯೇ ಇದೆ. ಮುಗಿದ ಚಿತ್ರವನ್ನಷ್ಟೇ ಅಚ್ಚು ಹಾಕಿದ ಪುಸ್ತಕದಲ್ಲಿ ಚುಕ್ಕಿಗಳನ್ನು ಎಣಿಸಬಹುದು, ತಾಳ್ಮೆಯಿದ್ದರೆ ಎಳೆಗಳನ್ನೂ ಎಣಿಸಬಹುದು. ಆದರೆ ಕೈ ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು, ತಪ್ಪಿದಾಗ ಯಾವ ದಾಟನ್ನು ಅಳಿಸಿ ತಿದ್ದಿತು ಎಂಬುದು ಅದರಲ್ಲಿ ಸಿಗದು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿಯೂ ಅದು ತುಳಿದು ಅಳಿಸಿಹೋಗಿರುತ್ತದೆ.