ಮೂರು ಮೂಲೆಯ ಎಂಜಿನ್‌ಗೆ ಹೊಸಪೇಟೆಯಲ್ಲಿ ಮೇಸ್ತ್ರಿ ಸಿಗುತ್ತಾನೆಯೇ?

ಹೊಸಪೇಟೆ, ಕಂಪ್ಲಿ ಕಡೆ ‘ಮಜ್ದಾ’ ಅಂದರೆ ಯಾರಿಗೂ ಕಾರು ನೆನಪಾಗುವುದಿಲ್ಲ. ಭತ್ತದ ಮೂಟೆ, ಬಾಳೆಗೊನೆ, ಮುಹೂರ್ತದ ದಿನ ಮದುವೆ ಮಂದಿ, ಎಲ್ಲವನ್ನೂ ಹೊತ್ತು ತಿರುಗಿದ ಸ್ವರಾಜ್ ಮಜ್ದಾ ನೆನಪಾಗುತ್ತದೆ. 1980ರ ದಶಕದಿಂದ ನಮ್ಮ ರಸ್ತೆಯಲ್ಲಿರುವ ಆ ಗಾಡಿಯದು ಯಾವ ಮೇಸ್ತ್ರಿಯೂ ಕಣ್ಣುಮುಚ್ಚಿ ಬಿಚ್ಚಬಲ್ಲ ಡೀಸೆಲ್ ಎಂಜಿನ್. ಅದೇ ಜಪಾನಿ ಕಂಪನಿ ತನ್ನ ಊರಾದ ಹಿರೋಷಿಮಾದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಠ ಹಿಡಿದು ಸಾಕಿಕೊಂಡು ಬಂದ ಇನ್ನೊಂದು ಎಂಜಿನ್ ಇದೆ. ಅದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಓಡಾಡುವ ಭಾಗಗಳನ್ನು ಬೆರಳಲ್ಲಿ ಎಣಿಸಬಹುದು. ಇಷ್ಟು ಕಡಿಮೆ ಸಾಮಾನಿರುವ ಎಂಜಿನ್ ಕಡಿಮೆ ಕೆಡಬೇಕಲ್ಲವೇ? ಕೆಡುವುದು ಹೆಚ್ಚು. ಯಾಕೆಂದು ನೋಡೋಣ.

ಮಾಮೂಲಿ ಎಂಜಿನ್‌ನ ಪಿಸ್ಟನ್ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ಕೆಳಗೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದೊಂದು ಪಿಸ್ಟನ್ನೂ ನಿಮಿಷಕ್ಕೆ 4000 ಸಲ ನಿಂತು ದಿಕ್ಕು ಬದಲಿಸುತ್ತದೆ. ಅದಿರು ತುಂಬಿಕೊಂಡು ಸಂಡೂರಿನ ಏರು ಹತ್ತುವ ಲಾರಿಯ ಒಳಗೆ ನಡೆಯುವುದು ಇದೇ ಗುದ್ದಾಟ. ಜರ್ಮನಿಯ ಫೆಲಿಕ್ಸ್ ವಾಂಕೆಲ್ (1902–1988) ಎಂಬಾತನಿಗೆ ಇದು ಸರಿ ಕಾಣಲಿಲ್ಲ. ಕೊನೆಗೆ ಬೇಕಾಗಿರುವುದು ಚಕ್ರ ತಿರುಗುವುದು. ಹಾಗಿದ್ದರೆ ಮೊದಲಿನಿಂದಲೇ ತಿರುಗಿಸಬಾರದೇ? ಎನ್‌ಎಸ್‌ಯು ಕಂಪನಿಯಲ್ಲಿ ಆತನ ಮೊದಲ ಮಾದರಿ 1957ರಲ್ಲಿ ಓಡಿತು. ಅಲ್ಲಿಯೇ ಇದ್ದ ಹಾನ್ಸ್ ಡೀಟರ್ ಪಾಶ್ಕೆ ಎಂಬ ಎಂಜಿನಿಯರ್ ಅದನ್ನು ಸರಳಗೊಳಿಸಿದ. ಇಂದು ನಾವು ವಾಂಕೆಲ್ ಎಂಜಿನ್ ಎನ್ನುವುದು ಪಾಶ್ಕೆ ತಿದ್ದಿದ ರೂಪವನ್ನು.

ಸೊಂಟ ತುಸು ಒಳಗೆ ಸರಿದ ಅಂಡಾಕಾರದ ಒಂದು ಗೂಡು. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನದ ರೋಟರ್. ರೋಟರಿನ ಮೂರು ಮೂಲೆಗಳೂ ಯಾವಾಗಲೂ ಗೂಡಿನ ಗೋಡೆಗೆ ತಾಗಿಕೊಂಡೇ ಸುತ್ತುತ್ತವೆ. ಹೀಗಾಗಿ ಗೋಡೆಗೂ ರೋಟರಿಗೂ ನಡುವೆ ಮೂರು ಕೋಣೆಗಳಾಗುತ್ತವೆ, ಸುತ್ತುತ್ತ ಹೋದಂತೆ ಅವು ಹಿಗ್ಗುತ್ತ ಕುಗ್ಗುತ್ತ ಇರುತ್ತವೆ. ಒಂದು ಪೆಟ್ರೋಲು-ಗಾಳಿ ಎಳೆದುಕೊಳ್ಳುವಾಗ ಇನ್ನೊಂದು ಒತ್ತುತ್ತಿರುತ್ತದೆ, ಮತ್ತೊಂದರಲ್ಲಿ ಬೆಂಕಿ ಹತ್ತಿ ರೋಟರನ್ನು ತಳ್ಳುತ್ತಿರುತ್ತದೆ. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ಶಾಫ್ಟ್ ಮೂರು ಸುತ್ತು ಬಂದಿರುತ್ತದೆ. ಒಂಟಿ ಸಿಲಿಂಡರಿನ ಫೋರ್ ಸ್ಟ್ರೋಕ್ ಬೈಕಿನಲ್ಲಿ ಎರಡು ಸುತ್ತಿಗೊಮ್ಮೆ ಬರುವ ಹೊಡೆತ ಇಲ್ಲಿ ಪ್ರತಿ ಸುತ್ತಿಗೂ ಬರುತ್ತದೆ. ನಡುಕ ಬಹಳ ಕಡಿಮೆ. ಕೈಯಲ್ಲಿ ಎತ್ತಬಹುದಾದಷ್ಟು ಚಿಕ್ಕ ಎಂಜಿನ್ನು ತನ್ನ ಗಾತ್ರಕ್ಕೆ ಮೀರಿದ ಶಕ್ತಿ ಕೊಡುತ್ತದೆ.

ಈಗ ಪಿಸ್ಟನ್ ಎಂಜಿನ್ ಹೇಗೆ ಮುದಿಯಾಗುತ್ತದೆ ಎಂಬುದನ್ನು ಒಂದು ವರ್ಕ್‌ಶಾಪಿನಲ್ಲಿ ನಿಂತು ನೋಡಬೇಕು. ಸಂಡೂರಿನ ಕೆಂಪು ದೂಳು ಏರ್ ಫಿಲ್ಟರ್ ದಾಟಿ ಚೂರುಚೂರೇ ಒಳಗೆ ಇಳಿದಿದೆ; ಅದು ಬರಿ ಮಣ್ಣಲ್ಲ, ಕಬ್ಬಿಣದ ಅದಿರಿನ ಪುಡಿ, ಉಜ್ಜುವ ಕಾಗದದ ಕೆಲಸ ಮಾಡುತ್ತದೆ. ‘ಎಂಜಿನ್ ಆಯಿಲ್ ಕುಡಿಯಾಕ ಹತ್ತೈತಿ’ ಅನ್ನುತ್ತಾನೆ ಡ್ರೈವರ್. ಸೈಲೆನ್ಸರಿನಲ್ಲಿ ನೀಲಿ ಹೊಗೆ. ಮೇಸ್ತ್ರಿ ಹೆಡ್ ಬಿಚ್ಚಿ, ಸಿಲಿಂಡರಿನ ಮೇಲಂಚಿನಲ್ಲಿ ಉಗುರು ಆಡಿಸಿ ನೋಡುತ್ತಾನೆ. ರಿಂಗ್ ಮುಟ್ಟದ ಜಾಗಕ್ಕೂ ಉಜ್ಜಿದ ಜಾಗಕ್ಕೂ ನಡುವೆ ಉಗುರಿಗೆ ಮೆಟ್ಟಿಲು ಸಿಕ್ಕಿದರೆ ಬೋರ್ ಸವೆದಿದೆ ಎಂದು ತೀರ್ಮಾನ. ಹೊಸ ರಿಂಗನ್ನು ಸಿಲಿಂಡರಿನೊಳಗೆ ಇಳಿಸಿ, ಅದರ ಬಾಯಿಯ ಸಂದಿಗೆ ಫೀಲರ್ ಗೇಜಿನ ಎಲೆ ತೂರಿಸಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುತ್ತಾನೆ. ಬ್ಲಾಕ್ ಲೇತಿನವನ ಬಳಿ ಹೋಗುತ್ತದೆ. ಅಲ್ಲಿ ಬೋರ್ ಹೊಡೆಸಿ, ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಲೈನರ್ ಇರುವ ಎಂಜಿನ್ನಾದರೆ ಹಳೆಯ ಲೈನರ್ ತೆಗೆದು ಹೊಸದನ್ನು ಕೂರಿಸಬಹುದು. ಸಿಲಿಂಡರ್ ದುಂಡಗಿರುವುದರಿಂದಲೇ ಇದೆಲ್ಲ ಸಾಧ್ಯ. ದುಂಡಗಿನ ತೂತನ್ನು ಸ್ವಲ್ಪ ದೊಡ್ಡ ದುಂಡಗಿನ ತೂತು ಮಾಡುವುದು ಯಾವ ತಾಲೂಕು ಕೇಂದ್ರದ ಲೇತಿಗೂ ಗೊತ್ತಿರುವ ವಿದ್ಯೆ. ಎಂಜಿನ್‌ಗೆ ಎರಡನೆಯ ಜನ್ಮ, ಕೆಲವೊಮ್ಮೆ ಮೂರನೆಯದೂ, ಊರಿನಲ್ಲೇ ಸಿಗುತ್ತದೆ.

ವಾಂಕೆಲ್ ಎಂಜಿನ್ನಿಗೆ ಈ ಭಾಗ್ಯವಿಲ್ಲ. ಅದರ ಗೂಡಿನ ಗೋಡೆ ವೃತ್ತವಲ್ಲ. ಅಲ್ಯುಮಿನಿಯಂ ಗೂಡಿಗೆ ಒಳಮೈಯಲ್ಲಿ ಗಟ್ಟಿ ಕ್ರೋಮಿನಂಥ ಲೇಪ ಕೊಟ್ಟಿರುತ್ತಾರೆ. ಅಲ್ಲಿ ಗೀರು ಬಿದ್ದರೆ ಬೋರ್ ಹೊಡೆಸುವ ಮಾತೇ ಇಲ್ಲ. ಗೂಡನ್ನೇ ಬದಲಿಸಬೇಕು, ಇಲ್ಲವೇ ಮರುಲೇಪಕ್ಕೆ ವಿಶೇಷ ಕಾರ್ಖಾನೆ ಹುಡುಕಬೇಕು. ಗೀರು ಬೀಳಿಸುವುದು ರೋಟರಿನ ಮೂಲೆಯಲ್ಲಿರುವ ಒಂದು ತೆಳುಪಟ್ಟಿ, ಅಪೆಕ್ಸ್ ಸೀಲ್. ಎರಡು ಮೂರು ಮಿಲಿಮೀಟರ್ ದಪ್ಪದ ಈ ಪಟ್ಟಿ, ಹಿಂದಿನಿಂದ ಸ್ಪ್ರಿಂಗ್ ಒತ್ತುತ್ತಿರುವಾಗ, ಗೋಡೆಯನ್ನು ಸವರುತ್ತ ಸಾಗಬೇಕು. ಪಿಸ್ಟನ್ನಿಗಾದರೆ ಮೂರು ರಿಂಗ್. ಮೊದಲನೆಯದು ತಪ್ಪಿಸಿಕೊಂಡ ಗ್ಯಾಸನ್ನು ಎರಡನೆಯದು ಹಿಡಿಯುತ್ತದೆ, ಮೂರನೆಯದು ಆಯಿಲನ್ನು ಕೆಳಗೆ ಒರೆಸುತ್ತದೆ. ರಿಂಗು ಗೋಡೆಯ ಮೇಲೆ ಸದಾ ನೇರವಾಗಿ ಕೂತಿರುತ್ತದೆ. ಅಪೆಕ್ಸ್ ಸೀಲ್ ಒಂದೇ ಒಂದು, ಅದೂ ಗೋಡೆಯನ್ನು ಮುಟ್ಟುವುದು ಒಂದು ಗೆರೆಯಷ್ಟು ಅಗಲದಲ್ಲಿ, ಸುತ್ತಿನುದ್ದಕ್ಕೂ ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ವಾಲುತ್ತ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ, ಹಿಂದೆ ಆಸರೆಗೆ ಇನ್ನೊಂದಿಲ್ಲದ ಭಾಗದ ಮೇಲೆ ಎಷ್ಟು ಭಾರ ಕೂತಿರುತ್ತದೆ ಎಂಬುದನ್ನು ಈ ಊರು ಕಣ್ಣಾರೆ ಕಂಡಿದೆ. ಅಪೆಕ್ಸ್ ಸೀಲ್ ಅಂಥದೇ ಭಾಗ.

ಇನ್ನೊಂದು ತೊಂದರೆ ಬಿಸಿಯದು. ಪಿಸ್ಟನ್ ಎಂಜಿನ್‌ನಲ್ಲಿ ಬೆಂಕಿ ಹತ್ತುವ ಜಾಗಕ್ಕೇ ಮರುಕ್ಷಣ ತಣ್ಣನೆಯ ಗಾಳಿ ಬರುತ್ತದೆ. ವಾಂಕೆಲ್‌ನಲ್ಲಿ ಒಂದು ಬದಿ ಸದಾ ಉರಿಯುವ ಬದಿ, ಎದುರಿನದು ಸದಾ ತಣ್ಣಗಿನ ಬದಿ. ಗೂಡು ಒಂದೇ ಸಮನೆ ಹಿಗ್ಗುವುದಿಲ್ಲ. ಕೂಲಂಟ್ ಕಡಿಮೆಯಾಗಿ ಒಮ್ಮೆ ಮಿತಿಮೀರಿ ಕಾದರೆ ಸಾಕು, ನೀರು ತಡೆಯುವ ರಬ್ಬರ್ ಸೀಲುಗಳು ಸೋತುಹೋಗುತ್ತವೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಗೆ ಇದೇನು ಒಳ್ಳೆಯ ಜಾತಕವಲ್ಲ.

ಎನ್‌ಎಸ್‌ಯು ಇದರ ಬೆಲೆ ತೆತ್ತಿತು. 1967ರಲ್ಲಿ ಬಂದ ಅದರ ಆರ್‌ಒ 80 ಕಾರು ಮರುವರ್ಷ ಯುರೋಪಿನಲ್ಲಿ ವರ್ಷದ ಕಾರು ಎನಿಸಿಕೊಂಡಿತು. ಆದರೆ ಸೀಲುಗಳು ಬೇಗ ಸವೆದು, ಕಂಪನಿ ವಾರಂಟಿಯಲ್ಲಿ ಎಂಜಿನ್ ಮೇಲೆ ಎಂಜಿನ್ ಬದಲಿಸಿಕೊಡಬೇಕಾಯಿತು. ರಸ್ತೆಯಲ್ಲಿ ಎದುರಾದ ಇಬ್ಬರು ಆರ್‌ಒ 80 ಮಾಲೀಕರು, ತಮ್ಮದು ಎಷ್ಟನೆಯ ಎಂಜಿನ್ ಎಂದು ಬೆರಳೆತ್ತಿ ತೋರಿಸಿ ನಮಸ್ಕಾರ ಹೇಳುತ್ತಿದ್ದರೆಂಬ ತಮಾಷೆ ಇಂದಿಗೂ ಚಾಲ್ತಿಯಲ್ಲಿದೆ. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ಪಾಲಾಯಿತು.

ಹಿರೋಷಿಮಾದಲ್ಲಿ ಮಜ್ದಾದ ಕೆನಿಚಿ ಯಾಮಾಮೊಟೊ ಎಂಬ ಎಂಜಿನಿಯರ್‌ನ ತಂಡ ಇದೇ ಸೀಲಿನ ಹಿಂದೆ ಬಿದ್ದಿತ್ತು. ಗೋಡೆಯ ಮೇಲೆ ಸಾಲುಸಾಲಾಗಿ ಏಳುತ್ತಿದ್ದ ಗೀರುಗಳನ್ನು ಅವರು ದೆವ್ವದ ಉಗುರಿನ ಗುರುತು ಎಂದು ಕರೆದರು. ಸೀಲು ಒಂದೇ ಸಮ ನಡುಗುತ್ತ ಹೋಗುವುದರಿಂದ ಗೀರು ಬೀಳುತ್ತದೆ ಎಂದು ಪತ್ತೆ ಹಚ್ಚಿ, ಕಾರ್ಬನ್ ಮತ್ತು ಅಲ್ಯುಮಿನಿಯಂ ಸೇರಿಸಿದ ಸೀಲಿನಿಂದ ಅದನ್ನು ಹತೋಟಿಗೆ ತಂದರು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ಮಾರಾಟಕ್ಕೆ ಬಂತು. 1991ರಲ್ಲಿ ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಯ ಓಟವನ್ನು ನಾಲ್ಕು ರೋಟರಿನ ಮಜ್ದಾ 787ಬಿ ಗೆದ್ದಿತು. ಆಮೇಲೆ ಬಿಚ್ಚಿ ನೋಡಿದರೆ ಎಂಜಿನ್ನಿನ ಒಳಗೆಲ್ಲ ಸುಸ್ಥಿತಿಯಲ್ಲೇ ಇತ್ತು. ಹಾಗಿದ್ದೂ 2003ರಲ್ಲಿ ಬಂದ ಆರ್‌ಎಕ್ಸ್-8 ಕಾರಿಗೆ ಅಮೆರಿಕದಲ್ಲಿ ಎಂಜಿನ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ಹಿಗ್ಗಿಸಬೇಕಾಯಿತು.

ಇದು ವಿಚಿತ್ರವಾಗಿ ಕಂಡರೂ ಕಾರಣ ಸರಳ. ಈ ಎಂಜಿನ್ ಬಿಸಿಯಾಗಿ, ಒಂದೇ ವೇಗದಲ್ಲಿ, ಹೊತ್ತುಗಟ್ಟಲೆ ಓಡುವುದನ್ನು ಇಷ್ಟಪಡುತ್ತದೆ. ಅದಕ್ಕೆ ಆಗದಿರುವುದು ನಾವು ನೀವು ಗಾಡಿ ಓಡಿಸುವ ರೀತಿ. ಮನೆಯಿಂದ ಮಾರ್ಕೆಟ್ಟಿಗೆ ಹೋಗುವುದು, ಶೆಡ್ಡಿನಿಂದ ಹೊರತೆಗೆದು ತೊಳೆದು, ಎಂಜಿನ್ ಬಿಸಿಯಾಗುವ ಮೊದಲೇ ಮತ್ತೆ ಒಳಗೆ ನಿಲ್ಲಿಸುವುದು, ಇವೆಲ್ಲ ಅದಕ್ಕೆ ವಿಷ. ತಣ್ಣಗಿರುವಾಗ ಆರಿಸಿದರೆ ಒಳಗುಳಿದ ಪೆಟ್ರೋಲು ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಪ್ಲಗ್ ಒದ್ದೆಯಾಗಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ಗೂ ರೋಟರಿಗೆ ಎರಡೆರಡು. ಕಂಪ್ರೆಷನ್ ನೋಡಬೇಕೆಂದರೆ ಮಾಮೂಲಿ ಗೇಜು ಸಾಲದು, ಒಂದೇ ರೋಟರಿನ ಮೂರು ಮುಖಗಳನ್ನೂ ಬೇರೆಬೇರೆಯಾಗಿ ಅಳೆದು ತೋರಿಸುವ ಮೀಟರ್ ಬೇಕು.

ಆಯಿಲ್ ವಿಷಯವೂ ತಲೆಕೆಳಗು. ಹಳೆಯ ಟಿವಿಎಸ್ ಎಕ್ಸೆಲ್ ಓಡಿಸಿದವರಿಗೆ ಪೆಟ್ರೋಲಿಗೆ ಟೂಟಿ ಆಯಿಲ್ ಬೆರೆಸಿದ ನೆನಪಿರುತ್ತದೆ. ವಾಂಕೆಲ್‌ನಲ್ಲಿ ಒಂದು ಚಿಕ್ಕ ಪಂಪು ಅದೇ ಕೆಲಸವನ್ನು ತಾನೇ ಮಾಡುತ್ತದೆ, ಸೀಲು ಸವೆಯದಿರಲೆಂದು ಹನಿಹನಿ ಆಯಿಲನ್ನು ಬೆಂಕಿಗೆ ಉಣಿಸುತ್ತದೆ. ಪಿಸ್ಟನ್ ಎಂಜಿನ್ ಆಯಿಲ್ ಕುಡಿದರೆ ರೋಗ, ಇದು ಕುಡಿಯದಿದ್ದರೆ ರೋಗ. ಪೆಟ್ರೋಲ್ ಹಾಕಿಸಿದಾಗೆಲ್ಲ ಡಿಪ್‌ಸ್ಟಿಕ್ ಎಳೆದು ನೋಡದ ಮಾಲೀಕ ತನ್ನ ಎಂಜಿನ್ನಿನ ಗೋರಿ ತಾನೇ ತೋಡುತ್ತಾನೆ. (ಸುತ್ತುವ ಎಂಜಿನ್‌ಗಳಿಗೂ ಆಯಿಲ್ ಸುಡುವುದಕ್ಕೂ ಹಳೆಯ ನಂಟು. ಮೊದಲ ಮಹಾಯುದ್ಧದ ವಿಮಾನಗಳ ನೋಮ್ ಎಂಜಿನ್‌ನಲ್ಲಿ ಶಾಫ್ಟ್ ನಿಂತೇ ಇರುತ್ತಿತ್ತು, ಸಿಲಿಂಡರುಗಳ ಬಳಗವೇ ಪ್ರೊಪೆಲರಿನೊಂದಿಗೆ ಸುತ್ತುತ್ತಿತ್ತು. ಅದಕ್ಕೆ ಹಾಕುತ್ತಿದ್ದುದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಹರಳೆಣ್ಣೆ. ಉರಿಯದೆ ಹೊರಬಿದ್ದ ಎಣ್ಣೆಯ ಮಂಜನ್ನು ಉಸಿರಾಡಿದ ಪೈಲಟ್‌ಗಳ ಹೊಟ್ಟೆಯ ಪಾಡೇನಾಗುತ್ತಿತ್ತು ಎಂದು ನಮ್ಮ ಅಜ್ಜಿಯರಿಗೆ ವಿವರಿಸಬೇಕಿಲ್ಲ.)

ಹಾಗಾದರೆ ಸುತ್ತುವುದೇ ತಪ್ಪೇ? ಹೊಸಪೇಟೆಯ ಹೈವೇ ಪಕ್ಕದ ಪಂಕ್ಚರ್ ಅಂಗಡಿಯ ಏರ್ ಕಂಪ್ರೆಸರ್ ನೋಡಿ. ಅದು ಪಿಸ್ಟನ್ ಜಾತಿಯದು, ಬೆಲ್ಟ್ ಹಾಕಿಕೊಂಡು ಢಗಢಗ ಬಡಿಯುತ್ತದೆ, ಟ್ಯಾಂಕ್ ತುಂಬಿದ ಮೇಲೆ ಸುಧಾರಿಸಿಕೊಳ್ಳುತ್ತದೆ. ವಾಲ್ವ್ ಪ್ಲೇಟಿಗೆ ಮಸಿ ಹಿಡಿದರೆ ಅಂಗಡಿಯವನೇ ಬಿಚ್ಚಿ ಉಜ್ಜಿ ಕೂರಿಸುತ್ತಾನೆ. ಕಂಪ್ಲಿಯ ಹೊಲಕ್ಕೆ ಬರುವ ಬೋರ್‌ವೆಲ್ ಲಾರಿಯ ಮೇಲಿರುವುದು ಬೇರೆಯದೇ: ಎರಡು ದಪ್ಪ ತಿರುಪುಗಳು ಒಂದರೊಳಗೊಂದು ಸುತ್ತುತ್ತ ಗಾಳಿ ಹಿಂಡುವ ಸ್ಕ್ರೂ ಕಂಪ್ರೆಸರ್. ರಾತ್ರಿಯಿಡೀ ನೂರಾರು ಅಡಿ ಕಲ್ಲು ಕೊರೆದರೂ ಅದು ದಣಿಯುವುದಿಲ್ಲ. ಇಲ್ಲಿ ಸುತ್ತುವ ಯಂತ್ರವೇ ಗೆದ್ದಿದೆ. ಯಾಕೆಂದರೆ ಅದರೊಳಗೆ ಬೆಂಕಿಯಿಲ್ಲ, ಗೋಡೆಯನ್ನು ಉಜ್ಜುವ ಸೀಲೂ ಇಲ್ಲ. ತಿರುಪುಗಳ ನಡುವಿನ ಸಂದಿಯನ್ನು ಆಯಿಲಿನ ಪೊರೆಯೇ ಮುಚ್ಚುತ್ತದೆ. ಹೊತ್ತುಹೊತ್ತಿಗೆ ಆಯಿಲ್, ಫಿಲ್ಟರ್ ಬದಲಿಸಿದರೆ ಉಳಿದದ್ದು ಬೇರಿಂಗಿನ ಚಿಂತೆ ಮಾತ್ರ. ಆದರೆ ತಿರುಪಿಗೇ ಏಟಾದರೆ ಅದನ್ನು ಇಲ್ಲಿನ ಲೇತ್ ರಿಪೇರಿ ಮಾಡಲಾರದು, ಅಷ್ಟರ ಮಟ್ಟಿಗೆ ಅದೂ ವಾಂಕೆಲ್‌ನ ದಾಯಾದಿಯೇ.

ಕರ್ನಾಟಕದಲ್ಲಿ ವಾಂಕೆಲ್ ಎಂಜಿನ್ ತಯಾರಾಗಿದೆ, ರಸ್ತೆಗಲ್ಲ, ಆಕಾಶಕ್ಕೆ. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆ ಎಡಿಇಯ ‘ನಿಶಾಂತ್’ ಎಂಬ ಚಾಲಕರಹಿತ ವಿಮಾನಕ್ಕೆ ಮೊದಲು ವಿದೇಶಿ ಎಂಜಿನ್ನೇ ಗತಿಯಾಗಿತ್ತು. ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್, ಅಹಮದ್‌ನಗರದ ಸೇನಾ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಮತ್ತು ಎಡಿಇ ಕೂಡಿ ಸುಮಾರು 30 ಕೆ.ಜಿ. ತೂಕದ, 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್ ರೂಪಿಸಿದವು. 2009ರ ಏಪ್ರಿಲ್ 5ರ ಭಾನುವಾರ ಬೆಳಗ್ಗೆ ಕೋಲಾರದ ಹತ್ತಿರ ಎರಡನೇ ಮಹಾಯುದ್ಧ ಕಾಲದ ಹಳೆಯ ರನ್‌ವೇಯೊಂದರಿಂದ ಆ ಎಂಜಿನ್ ಹೊತ್ತ ನಿಶಾಂತ್ ಏರಿತು, 1.8 ಕಿ.ಮೀ. ಎತ್ತರದಲ್ಲಿ ಹಾರಾಡಿತು, 40 ನಿಮಿಷದ ಬಳಿಕ ಒಣಗಿದ ಕೆರೆಯಂಗಳದಲ್ಲಿ ಇಳಿಯಿತು. ಎನ್‌ಎಎಲ್ ಹೆಚ್ಚು ತಲೆ ಕೆಡಿಸಿಕೊಂಡ ಸಂಗತಿಗಳಲ್ಲಿ ಒಂದು, ಮತ್ತೆ ಅದೇ ಗೋಡೆ: ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಬೆರೆಸಿದ ಲೇಪ. ಒಮ್ಮೆಗೆ ನಾಲ್ಕೂವರೆ ಗಂಟೆ ಹಾರುವ, ಕಿಲೋ ಕಿಲೋ ತೂಕಕ್ಕೂ ಲೆಕ್ಕ ಇಡುವ ಯಂತ್ರಕ್ಕೆ ಇದು ಹೇಳಿ ಮಾಡಿಸಿದ ಎಂಜಿನ್. ಬಾಳಿಕೆ ಕಡಿಮೆಯಿದ್ದರೆ ಗಂಟೆ ಲೆಕ್ಕ ಹಿಡಿದು ಬಿಚ್ಚಿ ಸೀಲ್ ಬದಲಿಸಲು ಅಲ್ಲಿ ಪರಿಣತರಿರುತ್ತಾರೆ. ನಡುಕ ಕಡಿಮೆಯಾದ್ದರಿಂದ ಕ್ಯಾಮೆರಾಕ್ಕೂ ಅನುಕೂಲ. ಮೇಲಾಗಿ ಇದು ಸಾಯುವಾಗಲೂ ಸಾವಕಾಶವಾಗಿ ಸಾಯುವುದೇ ಹೆಚ್ಚು. ಪಿಸ್ಟನ್ ಎಂಜಿನ್‌ನ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ಒಡೆದುಕೊಂಡು ಹೊರಬರುವ ಬಗೆಯ ಸಾವು ಇದಕ್ಕಿಲ್ಲ. ಆದರೆ ನಮ್ಮ ನೆರೆಯ ಚಳ್ಳಕೆರೆ ಬಳಿಯ ಪರೀಕ್ಷಾ ವಲಯದಲ್ಲಿ ಹಾರಿಸಿ ನೋಡಿದ ‘ತಪಸ್’ ದಿನವಿಡೀ ಗಾಳಿಯಲ್ಲಿರಬೇಕೆಂಬ ಗುರಿಯಿದ್ದ ಚಾಲಕರಹಿತ ವಿಮಾನ. ಅದರ ರೆಕ್ಕೆಗಳಲ್ಲಿ ಕೂತದ್ದು ಡೀಸೆಲ್ ಪಿಸ್ಟನ್ ಎಂಜಿನ್‌ಗಳು. ಇಂಧನ ಉಳಿಸುವ ಪ್ರಶ್ನೆ ಬಂದೊಡನೆ ವಾಂಕೆಲ್ ಹಿಂದೆ ಬೀಳುತ್ತದೆ. ಅದರ ಉದ್ದನೆಯ ಚಪ್ಪಟೆ ಕೋಣೆಯಲ್ಲಿ ಬೆಂಕಿ ಮೂಲೆಮೂಲೆಗೂ ಮುಟ್ಟುವುದಿಲ್ಲ.

ಆರ್‌ಎಕ್ಸ್-8 ತಯಾರಿಕೆ 2012ರಲ್ಲಿ ನಿಂತಿತು. ಮಜ್ದಾ ಸೋಲೊಪ್ಪಿಕೊಳ್ಳಲಿಲ್ಲ. 2023ರಲ್ಲಿ ಬಂದ ಎಂಎಕ್ಸ್-30 ಆರ್-ಇವಿ ಎಂಬ ಅದರ ವಿದ್ಯುತ್ ಕಾರಿನಲ್ಲಿ 830 ಸಿಸಿಯ ಒಂಟಿ ರೋಟರಿನ ಎಂಜಿನ್ ಇದೆ. ಅದಕ್ಕೂ ಚಕ್ರಕ್ಕೂ ಸಂಬಂಧವಿಲ್ಲ; ಬ್ಯಾಟರಿ ಇಳಿದಾಗ ಜನರೇಟರ್ ತಿರುಗಿಸುವುದಷ್ಟೇ ಕೆಲಸ. ಕ್ಲಚ್ಚು ಗೇರಿನ ಎಳೆದಾಟವಿಲ್ಲ, ಎಂಜಿನ್ನಿಗೆ ಹಿಡಿಸುವ ವೇಗದಲ್ಲೇ ಓಡಿಸಬಹುದು. ಇಷ್ಟೆಲ್ಲ ಸುಖದ ಕೆಲಸ ಕೊಟ್ಟ ಮೇಲೂ ಎಂಜಿನಿಯರುಗಳು ಅಪೆಕ್ಸ್ ಸೀಲಿನ ದಪ್ಪವನ್ನು 2 ಮಿಲಿಮೀಟರಿನಿಂದ 2.5ಕ್ಕೆ ಏರಿಸಿಯೇ ಅದನ್ನು ಕಾರಿಗೆ ಕೂರಿಸಿದರು.