ಕೈಬಿಟ್ಟರೆ ನಿಲ್ಲುವ ಯಂತ್ರ

2019ರ ಫೆಬ್ರವರಿಯಲ್ಲಿ, ಶಿವಾಜಿ ಜಯಂತಿಯ ಹೊತ್ತಿಗೆ, ಕಲಾವಿದ ಮಂಗೇಶ ನಿಪಾಣೀಕರ್ ನಿಲಂಗಾದ ಒಂದು ಹೊಲದಲ್ಲಿ ಹುಲ್ಲು ಬೆಳೆಸಿ ಛತ್ರಪತಿಯ ಚಿತ್ರ ಮೂಡಿಸಿದರು. ಸುಮಾರು 6 ಎಕರೆಯಷ್ಟು ದೊಡ್ಡ ಚಿತ್ರ. ಬದುವಿನ ಮೇಲೆ ನಿಂತು ನೋಡಿದರೆ ಅಷ್ಟು ದೊಡ್ಡದು ಹಸಿರು ಪಟ್ಟೆಯಾಗಿಯಷ್ಟೇ ಕಾಣುತ್ತದೆ. ಹಣೆ ಯಾವುದು, ಗಡ್ಡ ಯಾವುದು ಎಂದು ತಿಳಿಯಬೇಕಾದರೆ ಮೇಲೆ ಹೋಗಲೇಬೇಕು. ಊರವರೂ ನಾಡಿನವರೂ ಆ ಚಿತ್ರವನ್ನು ಚಿತ್ರವಾಗಿ ನೋಡಿದ್ದು ಡ್ರೋನ್ ಕ್ಯಾಮೆರಾದ ಕಣ್ಣಿನಿಂದ.

ಮಹಾರಾಷ್ಟ್ರದ ಗಡಿಸೀಮೆಯ ಉಮರ್ಗಾ, ನಿಲಂಗಾ, ಉದಗೀರದ ಹಳ್ಳಿಗಳಿಗೆ ಡ್ರೋನ್ ಈಗ ಅಪರೂಪದ ವಸ್ತುವಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇತ್ತು, ಕರ್ನಾಟಕವೂ ಇತ್ತು. ಊರೊಳಗಿನ ಮನೆ ಜಾಗಗಳ ಗಡಿಗೆ ಸುಣ್ಣದ ಗೆರೆ ಎಳೆದು, ಮೇಲಿಂದ ಡ್ರೋನಿನಲ್ಲಿ ಚಿತ್ರ ತೆಗೆದು, ಅದರ ಆಧಾರದ ಮೇಲೆ ಮನೆಯವರಿಗೆ ಆಸ್ತಿ ಕಾರ್ಡ್ ಕೊಡುವ ಯೋಜನೆ ಅದು. 2023ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಬೆಳೆಗೆ ಔಷಧಿ ಹೊಡೆಯುವ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಲಗ್ನದ ವಿಡಿಯೊ ಮಾತಂತೂ ಹೇಳುವುದೇ ಬೇಡ. ಮೆರವಣಿಗೆಯ ಒಂದು ಡ್ರೋನ್ ಶಾಟ್ ಇಲ್ಲದಿದ್ದರೆ ಬೀಗರು ಕೇಳಿಯೇ ಕೇಳುತ್ತಾರೆ.

ಹೀಗಾಗಿ ತಾಲೂಕು ಊರುಗಳ ಫೋಟೋ ಸ್ಟುಡಿಯೊ ಹುಡುಗರು, ಸಾಲ ಮಾಡಿಯಾದರೂ, ಒಂದು ಡ್ರೋನ್ ತರುತ್ತಾರೆ. ತಂದ ಮೇಲೆ ಹಾರಿಸಲು ಕೈ ಬರುವುದಿಲ್ಲ. ಪೆಟ್ಟಿಗೆ ತೆರೆದು, ಒರೆಸಿ, ಬ್ಯಾಟರಿ ತುಂಬಿಸಿ, ಮತ್ತೆ ಮುಚ್ಚಿಡುತ್ತಾರೆ. ಹಾರಿಸಿದರೂ ಎದೆ ಡವಡವ, ಅಂಗೈಯಲ್ಲಿ ಬೆವರು. ಇಂಥವರಿಗೆ "ಧೈರ್ಯ ತಂದ್ಕೋ" ಎಂದು ಬೆನ್ನು ತಟ್ಟುವುದರಿಂದ ಪ್ರಯೋಜನವಿಲ್ಲ. ಈ ಭಯ ಒಂದೇ ಗಂಟಾಗಿ ಕಂಡರೂ ಬಿಚ್ಚಿದರೆ ಒಳಗಿರುವುದು ಐದಾರು ಸಣ್ಣ ಭಯಗಳು. ಕೈತಪ್ಪಿ ಹೋದೀತು, ದಿಕ್ಕು ತಪ್ಪೀತು, ಬ್ಯಾಟರಿ ಮುಗಿದೀತು, ಪೊಲೀಸರು ಕೇಳಿಯಾರು, ನಾಲ್ಕು ಜನರ ಮುಂದೆ ಬಿದ್ದೀತು. ಒಂದೊಂದಕ್ಕೂ ಬೇರೆ ಬೇರೆ ಮದ್ದಿದೆ. ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ಮೊದಲು ಮೈಯ ಮಾತು. ಹೆದರಿದಾಗ ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ. ಓಡುವುದಕ್ಕೆ, ಕಟ್ಟಿಗೆ ಎತ್ತುವುದಕ್ಕೆ ಅದು ಒಳ್ಳೆಯದೇ. ಆದರೆ ರಿಮೋಟಿನ ಸ್ಟಿಕ್ಕನ್ನು ಎರಡು ಕೂದಲೆಳೆಯಷ್ಟು ಸರಿಸಬೇಕಾದ ಹೆಬ್ಬೆರಳಿಗೆ ಅದು ಶತ್ರು: ಬೆರಳು ನಡುಗುತ್ತದೆ, ನೋಟ ಕಿರಿದಾಗಿ ಪರದೆಗೆ ಅಂಟಿಕೊಳ್ಳುತ್ತದೆ, ಪಕ್ಕದ ಬೇವಿನ ಮರ ಕಣ್ಣಿಗೆ ಬೀಳುವುದೇ ಇಲ್ಲ. ಯರ್ಕಿಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಒಂದು ಸಂಗತಿ ಕಂಡುಕೊಂಡರು. ಕೆಲಸ ಸುಲಭದ್ದಿದ್ದರೆ ಒತ್ತಡ ಹೆಚ್ಚಿದಷ್ಟೂ ಕಲಿಕೆ ಚುರುಕಾಗುತ್ತದೆ. ಕಷ್ಟದ್ದಿದ್ದರೆ ಒತ್ತಡ ಒಂದು ಮಿತಿ ದಾಟಿದ ಮೇಲೆ ಕಲಿಕೆ ಕೆಡುತ್ತದೆ. ಹೊಸಬರಿಗೆ ಡ್ರೋನ್ ಕಷ್ಟದ ಕೆಲಸ. ಅದಕ್ಕೇ ಮೊದಲ ದಿನಗಳ ಕೆಲಸವನ್ನು ಆದಷ್ಟು ಹಗುರ ಮಾಡಿಕೊಳ್ಳಬೇಕು. ಚಿತ್ರ ತೆಗೆಯುವ ಆಸೆಯನ್ನು ಆಗ ಪೂರ್ತಿ ಬದಿಗಿಡಿ. ಕ್ಯಾಮೆರಾ ಆನ್ ಕೂಡ ಮಾಡಬೇಡಿ.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ. ಸೈಕಲ್ ಕಲಿಯುವಾಗ ಕೈ ಬಿಟ್ಟರೆ ಬೀಳುತ್ತೇವೆ. ಆ ನೆನಪು ಮೈಯಲ್ಲಿ ಕೂತಿರುವುದರಿಂದ ಗಾಬರಿಯಾದಾಗಲೆಲ್ಲ ಹಿಡಿತ ಬಿಗಿಮಾಡುತ್ತೇವೆ. ಡ್ರೋನ್ ಹಾಗಲ್ಲ. ಜಿಪಿಎಸ್ ಇರುವ ಕ್ಯಾಮೆರಾ ಡ್ರೋನಿನ ಎರಡೂ ಸ್ಟಿಕ್ ಬಿಟ್ಟುಬಿಟ್ಟರೆ ಸ್ಪ್ರಿಂಗಿನಿಂದಾಗಿ ಅವು ತಾವಾಗಿ ನಡುವಿಗೆ ಬರುತ್ತವೆ, ಯಂತ್ರ ಬ್ರೇಕ್ ಹಾಕಿಕೊಂಡು ಇದ್ದಲ್ಲೇ ನಿಲ್ಲುತ್ತದೆ. ಉಪಗ್ರಹಗಳಿಂದ ತನ್ನ ಜಾಗ, ಗಾಳಿಯ ಒತ್ತಡ ಅಳೆಯುವ ಸಾಧನದಿಂದ ತನ್ನ ಎತ್ತರ, ಹೊಟ್ಟೆಯ ಕೆಳಗಿನ ಪುಟ್ಟ ಕ್ಯಾಮೆರಾದಿಂದ ನೆಲದ ಗುರುತು ಹಿಡಿದು, ಗಾಳಿ ತಳ್ಳಿದಷ್ಟು ಎದುರು ತಳ್ಳುತ್ತ ಅಲ್ಲೇ ಇರುತ್ತದೆ. ಪುಸ್ತಕದಲ್ಲಿ ಓದಿದರೆ ಇದು ತಲೆಗೆ ಹೋಗುತ್ತದೆ, ಬೆರಳಿಗೆ ಹೋಗುವುದಿಲ್ಲ. ಬೆರಳಿಗೆ ಹೋಗಬೇಕಾದರೆ ಹೀಗೆ ಮಾಡಿ. ಆಳೆತ್ತರಕ್ಕೆ ಏರಿಸಿ. ನಿಧಾನದ ಮೋಡ್‌ನಲ್ಲೇ ಸ್ವಲ್ಪ ಮುಂದಕ್ಕೆ ಬಿಡಿ. ಹೋಗುತ್ತಿರುವಾಗಲೇ ಎರಡೂ ಹೆಬ್ಬೆರಳು ಮೇಲೆತ್ತಿ. ಅದು ಸ್ವಲ್ಪ ಮುಂದೆ ಜಾರಿ, ಮೂಗು ಎತ್ತಿ, ನಿಲ್ಲುತ್ತದೆ. ಮತ್ತೆ ಬಿಡಿ, ಮತ್ತೆ ಕೈ ಎತ್ತಿ. ಎಡಕ್ಕೆ ಹೋಗುವಾಗ, ಹಿಂದೆ ಬರುವಾಗ, ತಿರುಗುವಾಗ. ಒಂದು ಬ್ಯಾಟರಿ ಪೂರ್ತಿ ಇದಕ್ಕೇ ಹೋಗಲಿ. ಗಾಬರಿಯಾದಾಗ ಹೆಬ್ಬೆರಳು ತಾನಾಗಿ ಮೇಲೇಳುವ ತನಕ ಮುಂದಿನ ಪಾಠಕ್ಕೆ ಹೋಗುವ ಅವಸರ ಬೇಡ. ಒಂದೇ ಎಚ್ಚರಿಕೆ: ಉಪಗ್ರಹಗಳ ಸಂಕೇತ ಸಾಕಷ್ಟು ಸಿಕ್ಕಿದೆ, ಹೋಮ್ ಪಾಯಿಂಟ್ (ಮರಳಿ ಬರಬೇಕಾದ ಜಾಗ) ದಾಖಲಾಗಿದೆ ಎಂದು ಪರದೆ ಹೇಳುವವರೆಗೆ ಏರಿಸಲೇಬಾರದು. ಅದು ಇಲ್ಲದೆ ಏರಿಸಿದರೆ ಕೈಬಿಟ್ಟಾಗ ಯಂತ್ರ ಗಾಳಿ ಬೀಸಿದತ್ತ ತೇಲಬಹುದು.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದದ್ದೂ ಇದನ್ನೇ ಸಮರ್ಥಿಸುತ್ತದೆ. ನನ್ನಿಂದ ಆಗುತ್ತದೆ ಎಂಬ ನಂಬಿಕೆ ಬೇರೆಯವರು ಹುರಿದುಂಬಿಸುವುದರಿಂದ ಬರುವುದಕ್ಕಿಂತ ಹೆಚ್ಚಾಗಿ, ತಾನೇ ಮಾಡಿ ಗೆದ್ದ ಅನುಭವದಿಂದ ಬರುತ್ತದೆ ಎಂದು ಅವರು ಹೇಳಿದರು. ಗೆಲುವು ಸಣ್ಣದಾದರೂ ಸರಿ. ಡ್ರೋನ್ ಪೈಲಟ್ ತರಬೇತಿ ಶಾಲೆಗಳು ನೇರ ಮೈದಾನಕ್ಕೆ ಕಳಿಸದೆ ಮೊದಲು ಕಂಪ್ಯೂಟರಿನ ಸಿಮ್ಯುಲೇಟರ್ ಮುಂದೆ ಕೂರಿಸುವುದು ಅದಕ್ಕೇ. ಬಿದ್ದರೂ ಅಲ್ಲಿ ರೂಪಾಯಿ ಖರ್ಚಿಲ್ಲ.

ಎರಡನೆಯ ಕಷ್ಟ ದಿಕ್ಕಿನದು. ಡ್ರೋನಿನ ಬಾಲ ನಿಮ್ಮ ಕಡೆ ಇರುವಾಗ ಬಲ ಸ್ಟಿಕ್ ಬಲಕ್ಕೆ ತಳ್ಳಿದರೆ ಅದು ನಿಮ್ಮ ಬಲಕ್ಕೇ ಹೋಗುತ್ತದೆ. ಮೂಗು ನಿಮ್ಮ ಕಡೆ ತಿರುಗಿತೋ, ಎಡಬಲ ಅದಲುಬದಲು. ಹೊಸಬರು ಮರಕ್ಕೆ ಗುದ್ದಿಸುವುದು ಬಹುಪಾಲು ಈ ಗಳಿಗೆಯಲ್ಲೇ. ಆಳೆತ್ತರದಲ್ಲಿ, 10 ಮೀಟರ್ ದೂರದಲ್ಲಿ, ಮೂಗನ್ನು ನಿಮ್ಮ ಕಡೆ ಮಾಡಿ ನಿಲ್ಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸುತ್ತ ಇರಿ. ಬೇಸರ ಬರುವವರೆಗೆ ಮಾಡಿ. ಬೇಸರ ಬಂದಿತೆಂದರೆ ಭಯ ಹೋಯಿತೆಂದೇ ಲೆಕ್ಕ.

ಈ ಅಭ್ಯಾಸಕ್ಕೆ ನಮ್ಮ ಸೀಮೆಯಲ್ಲಿ ಜಾಗಕ್ಕೆ ಬರವಿಲ್ಲ. ಸೋಯಾ, ತೊಗರಿ, ಬಿಳಿಜೋಳ ಕೊಯ್ದಾದ ಮೇಲೆ ಎರೆಹೊಲಗಳು ಬಯಲಾಗಿ ಬಿದ್ದಿರುತ್ತವೆ. ಚಳಿಗಾಲದ ಬೆಳಿಗ್ಗೆ ಹೊತ್ತು ಏರುವ ಮುಂಚೆ ಗಾಳಿ ಕಡಿಮೆ. ಕಲಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಳೆಗಾಲದಲ್ಲಿ ಪಡುವಣ ಗಾಳಿ ಜೋರು, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅನೇಕ ಸಣ್ಣ ಡ್ರೋನುಗಳಿಗೆ ತಯಾರಕರು ಹೇಳುವ ಗರಿಷ್ಠ ಉಷ್ಣತೆಯೂ 40 ಡಿಗ್ರಿಯೇ, ಆದ್ದರಿಂದ ಮೇ ತಿಂಗಳ ಮಧ್ಯಾಹ್ನ ಬಿಡಲೇಬೇಡಿ. ಎರೆಮಣ್ಣಿನ ಧೂಳು ಮೋಟಾರಿಗೂ ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲಿಗೂ ಕೆಟ್ಟದ್ದು. ಏರಿಸಿ ಇಳಿಸಲು ಗೋಣಿಚೀಲ ಹಾಸಿದರೆ ರೆಕ್ಕೆಯ ಗಾಳಿಗೆ ಅದರ ಅಂಚೇ ಎದ್ದು ಸಿಕ್ಕಿಕೊಳ್ಳಬಹುದು, ಒಂದು ಪ್ಲೈವುಡ್ ಹಲಗೆ ಇಟ್ಟುಕೊಳ್ಳುವುದು ವಾಸಿ.

ದೂರ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ಹಿಂದಿನಿಂದ ತಳ್ಳಲಿ. ತಿರುಗುಮುರುಗಾದರೆ ಬ್ಯಾಟರಿ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ರಿಟರ್ನ್ ಟು ಹೋಮ್ ಎತ್ತರವನ್ನು, ಅಂದರೆ ಯಂತ್ರ ತಾನಾಗಿ ಮರಳುವಾಗ ಹಾರುವ ಎತ್ತರವನ್ನು, ಸುತ್ತಲಿನ ಮರ, ಮೊಬೈಲ್ ಟವರ್, ವಿದ್ಯುತ್ ಕಂಬ ಎಲ್ಲಕ್ಕಿಂತ ಮೇಲಿಡಿ. ಬಯಲು ಸೀಮೆಯಲ್ಲಿ 60 ಮೀಟರ್ ಸಾಮಾನ್ಯವಾಗಿ ಸಾಕು. ಹೊಲದ ಮೇಲೆ ಹಾದ ಕರೆಂಟಿನ ತಂತಿ ಪರದೆಯಲ್ಲಿ ಕಾಣುವುದಿಲ್ಲ. ಕಂಬ ಕಂಡಲ್ಲೆಲ್ಲ ತಂತಿ ಇದೆಯೆಂದೇ ತಿಳಿಯಬೇಕು. ಹದ್ದು ಅಟ್ಟಿಸಿಕೊಂಡು ಬಂದರೆ ನೇರ ಮೇಲಕ್ಕೆ ಏರಿಸಿ. ನೆಟ್ಟಗೆ ಏರುವುದರಲ್ಲಿ ಅದು ಹಿಂದೆ ಬೀಳುತ್ತದೆ.

ಕಾನೂನಿನ ಭಯಕ್ಕೆ ಮದ್ದು ಕಾನೂನನ್ನು ಓದುವುದೇ. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಇಡೀ ದೇಶಕ್ಕೆ ಒಂದೇ. ರಾಜ್ಯದ ಗಡಿ ದಾಟಿದರೂ ಅವು ಬದಲಾಗುವುದಿಲ್ಲ. 250 ಗ್ರಾಂ ಮೀರದ ಡ್ರೋನ್ ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ. ನ್ಯಾನೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊ ಡ್ರೋನನ್ನು ಹವ್ಯಾಸಕ್ಕೆ ಹಾರಿಸುವವರಿಗೂ ಬೇಡ, ದುಡಿಮೆಗೆ ಬಳಸುವವರಿಗೆ ಬೇಕು. ಲಗ್ನದ ಶೂಟಿಂಗ್ ದುಡಿಮೆಯೇ. ಆಕಾಶದ ನಕಾಶೆಯಲ್ಲಿ ಹಸಿರು ವಲಯವೆಂದು ಗುರುತಾದ ಕಡೆ 400 ಅಡಿಯವರೆಗೆ ಅನುಮತಿ ಕೇಳಬೇಕಿಲ್ಲ. ಹಳದಿಯಾದರೆ ಕೇಳಬೇಕು, ಕೆಂಪಾದರೆ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ.

ಈ ನಕಾಶೆಯನ್ನು ನಮ್ಮ ಕಡೆಯವರು ಪ್ರತಿ ಸಲ ನೋಡಲೇಬೇಕು, ಯಾಕೆಂದರೆ ಪಕ್ಕದಲ್ಲೇ ಬೀದರ್ ಇದೆ. ನಿಲಂಗಾ, ಉದಗೀರ 1956ರವರೆಗೆ ಬೀದರ್ ಜಿಲ್ಲೆಯ ತಾಲೂಕುಗಳೇ ಆಗಿದ್ದವು; ನೆಲದ ಆಡಳಿತ ಆಗ ಬೇರೆಯಾಯಿತು, ಆಕಾಶದ ಲೆಕ್ಕದಲ್ಲಿ ಅವು ಇಂದಿಗೂ ಬೀದರಿನ ನೆರೆಹೊರೆ. ವಾಯುಪಡೆಯ ಎಳೆಯ ಪೈಲಟ್‌ಗಳು ಹಾಕ್ ಜೆಟ್‌ಗಳಲ್ಲಿ ಯುದ್ಧವಿಮಾನ ಹಾರಿಸುವ ಪಾಠ ಕಲಿಯುವುದು ಬೀದರಿನಲ್ಲಿ. ಸೂರ್ಯಕಿರಣ ತಂಡದ ನೆಲೆಯೂ ಅದೇ. ಕಲಿಯುತ್ತಿರುವ ಇಬ್ಬರು ಒಂದೇ ಆಕಾಶದಲ್ಲಿ ಎದುರಾಗಬಾರದು. ಲಗ್ನಕ್ಕೆ ಉದಗೀರದಿಂದ ಕಮಲನಗರ ದಾಟಿ ಬೀದರಿನತ್ತ ಹೋಗುವವರು ಹೊರಡುವ ಮುಂಚೆಯೇ ಆ ಊರಿನ ವಲಯ ನೋಡಿಕೊಳ್ಳಲಿ.

ಉಳಿದದ್ದು ಜನರ ಭಯ. ಬಹಳ ಜನ ಹೊಸಬರಿಗೆ ನಿಜವಾದ ನಡುಕ ಇದೇ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಉಮರ್ಗಾ ತಾಲೂಕಿನ ಗಡಿ ಹಳ್ಳಿಯಲ್ಲಿ ಡ್ರೋನ್ ಪೆಟ್ಟಿಗೆ ತೆರೆದರೆ ಐದು ನಿಮಿಷದಲ್ಲಿ ಕನ್ನಡ, ಮರಾಠಿ, ದಖನಿ ಮೂರರಲ್ಲೂ ಪ್ರಶ್ನೆಗಳು ಬರುತ್ತವೆ. "ಎಷ್ಟಕ್ಕ ತಂದ್ರಿ?" "ಎಷ್ಟು ಮ್ಯಾಲ ಹೋಗ್ತದ?" "ನಮ್ಮ ಮನಿ ತೋರಸ್ರಿ ಅಣ್ಣಾ." ಹಾರಿಸುತ್ತ ಉತ್ತರ ಕೊಡಲು ಹೋದರೆ ಕೆಟ್ಟಿತು. ಏರಿಸುವ ಮೊದಲೇ ಎಲ್ಲರಿಗೂ ತೋರಿಸಿ, ಮಾತಾಡಿ, ಮಕ್ಕಳನ್ನು ಒಂದು ಗೆರೆಯ ಆಚೆ ನಿಲ್ಲಿಸಿ. ಜೊತೆಗೊಬ್ಬ ಗೆಳೆಯನಿರಲಿ, ಜನರಿಗೆ ಉತ್ತರ ಕೊಡುವುದೂ ಡ್ರೋನಿನ ಮೇಲೆ ಬರಿಗಣ್ಣು ಇಡುವುದೂ ಅವನ ಕೆಲಸ. ಮತ್ತು ಮನೆಗಳ ಮೇಲೆ ಬಿಡಬೇಡಿ. ಅಂಗಳದಲ್ಲಿ, ಮಾಳಿಗೆಯಲ್ಲಿ ಹೆಣ್ಣುಮಕ್ಕಳು ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿರುತ್ತಾರೆ. ಅವರನ್ನು ಕೇಳದೆ ಮೇಲೆ ಕಣ್ಣು ತಂದು ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ. ಪಕ್ಕದ ಹೊಲದ ಕಾಕಾಗೆ ಒಂದು ಮಾತು ಹೇಳಿದ್ದರೆ, ಯಂತ್ರ ಅವರ ಹೊಲದಲ್ಲಿ ಬಿದ್ದಾಗ ಅವರೇ ಎತ್ತಿ ತಂದುಕೊಡುತ್ತಾರೆ.

ಇಷ್ಟು ಕಲಿತ ಮೇಲೆ ಎಲ್ಲರ ಕಣ್ಣೂ ಉದಗೀರದ ಕೋಟೆಯ ಮೇಲೆ. 1760ರಲ್ಲಿ ಸದಾಶಿವರಾವ್ ಭಾವು ಮುಂದಾಳತ್ವದ ಮರಾಠಾ ಸೈನ್ಯ ನಿಜಾಮನನ್ನು ಸೋಲಿಸಿದ್ದು ಈ ಉದಗೀರದಲ್ಲೇ. ಕೋಟೆಯ ಸುತ್ತಣ ಆಳವಾದ ಕಂದಕ, ಬುರುಜುಗಳು, ಇವೆಲ್ಲ ಒಂದೇ ನೋಟಕ್ಕೆ ಸಿಗುವುದು ಮೇಲಿಂದಲೇ. ಆದರೆ ರಕ್ಷಿತ ಸ್ಮಾರಕಗಳಲ್ಲಿ ಡ್ರೋನ್ ಬಿಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ನಿಲಂಗಾದ ನೀಲಕಂಠೇಶ್ವರ ಗುಡಿಗೆ ಹೋದರೂ ಮೊದಲು ವಿಚಾರಿಸಿ. ಅನುಮತಿ ಸಿಕ್ಕ ಮೇಲೂ ಹೊಸಬರು ಎತ್ತರದ ಗೋಡೆಗೆ ಅಂಟಿಕೊಂಡು ಹಾರಿಸಬಾರದು. ಗೋಡೆ ಆಕಾಶವನ್ನು ಮರೆಮಾಡಿದಷ್ಟೂ ಉಪಗ್ರಹದ ಸಂಕೇತ ಕುಂದುತ್ತದೆ; ಕೈಬಿಟ್ಟರೆ ನಿಲ್ಲುತ್ತದೆ ಎಂದು ಕಲಿತ ಪಾಠ ಅಲ್ಲಿ ಪೂರ್ತಿ ನಡೆಯುವುದಿಲ್ಲ.

ಬಿದ್ದರೆ? ಬೀಳುತ್ತದೆ, ಒಂದಲ್ಲ ಒಂದು ದಿನ. ರೆಕ್ಕೆ ಮುರಿದರೆ ಹೊಸ ಜೋಡಿ ಹಾಕಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಮತ್ತೆ ಮುಟ್ಟಬೇಡಿ. ಎಲ್ಲ ಸರಿಯಿದ್ದರೆ ಅದೇ ದಿನ ಆಳೆತ್ತರಕ್ಕೆ ಒಮ್ಮೆ ಏರಿಸಿ, ಕೈಬಿಟ್ಟು ನಿಲ್ಲಿಸಿ, ಇಳಿಸಿ.

ಲಗ್ನದ ಕೆಲಸ ಹಿಡಿಯುವವರಿಗೆ ಇನ್ನೊಂದು ಮಾತು. ಮೆರವಣಿಗೆಯಲ್ಲಿ ಡಿಜೆ ಸದ್ದು, ಪಟಾಕಿ, ಬೀದಿಯ ಅಡ್ಡ ತಂತಿಗಳು, ಕೆಳಗೆ ಕುಣಿಯುವ ಜನ. ಜನರ ತಲೆಯ ಮೇಲೆ ಹಾರಿಸುವುದು ಎಷ್ಟು ಕಲಿತವರಿಗೂ ಸಲ್ಲದು. ಬದಿಯ ಖಾಲಿ ಜಾಗದಿಂದ ಏರಿಸಿ, ದೂರದಿಂದ ಓರೆಯಾಗಿ ತೆಗೆಯಿರಿ. ಗಾಳಿ ಎದ್ದಿದ್ದರೆ, ಕತ್ತಲಾಗಿದ್ದರೆ, ಬಿಡುವುದಿಲ್ಲ ಎನ್ನಬೇಕಾಗುತ್ತದೆ. ಅದನ್ನು ಹಂದರದಲ್ಲಿ ವರನ ಮಾವನ ಮುಂದೆ ನಿಂತು ಹೇಳುವುದು ಕಷ್ಟ. ಮುಂಗಡ ತೆಗೆದುಕೊಳ್ಳುವ ದಿನವೇ ಹೇಳಿ, ಡ್ರೋನ್ ಶಾಟ್ ಇಲ್ಲದಿದ್ದರೆ ಎಷ್ಟು ರೂಪಾಯಿ ಕಡಿಮೆ ಎಂಬುದನ್ನೂ ಚೀಟಿಯಲ್ಲಿ ಬರೆದುಕೊಡಿ.